ಜಿಗ್‌ನ ಗುಳಿಯೂ ಕೂದಲೆಳೆಯ ಲೆಕ್ಕವೂ

ಈ ಸುವರ್ಣ ಮಹೋತ್ಸವದಲ್ಲಿ ಅತಿಥಿಗಳಿಗೂ ನಿವೃತ್ತ ಗುರುಗಳಿಗೂ ಅರ್ಪಿಸಲಿರುವ ಮರದ ಫಲಕಗಳನ್ನು ಕೆತ್ತಿಕೊಡುವ ಹೊಣೆಯನ್ನು ಹಳೆ ವಿದ್ಯಾರ್ಥಿ ಸಂಘವು ನನಗೆ ವಹಿಸಿತು. ಮರ ಪೇಟೆಯಲ್ಲಿ ಕೊಂಡುದಲ್ಲ. ಶಾಲೆಯ ಹಳೆಯ ಕಟ್ಟಡದ ಹಂಚಿನ ಮಾಡನ್ನು ಬಿಚ್ಚಿದಾಗ ದೊರೆತ ಹಲಸಿನ ಪಕ್ಕಾಸುಗಳನ್ನು ಸೀಳಿ, ಊರಿನ ಆಚಾರಿಯವರು 100 ಮಿ.ಮೀ. ಉದ್ದ, 70 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ 64 ತುಂಡುಗಳನ್ನು ಮಾಡಿಕೊಟ್ಟರು. ಬೇಕಾದ ಫಲಕಗಳು 60. ಎಂದರೆ ಹೆಚ್ಚಿಗೆ ಇದ್ದುದು ನಾಲ್ಕೇ ತುಂಡು. ಐದನೆಯದು ಕೆಟ್ಟರೆ ನಾವೆಲ್ಲ ಯಾವುದರ ಕೆಳಗೆ ಕುಳಿತು ಅಕ್ಷರ ಕಲಿತೆವೋ ಆ ಮಾಡಿನ ಮರ ಇನ್ನೆಲ್ಲಿಯೂ ದೊರೆಯದು. ಫಲಕದ ಒಂದು ಮುಖದಲ್ಲಿ ಶಾಲೆಯ ಹೆಸರು, ಇನ್ನೊಂದು ಮುಖದಲ್ಲಿ ಪಡೆಯುವವರ ಹೆಸರು. ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆಯನ್ನು ಬೇಡಿದುದು ಅಕ್ಷರಗಳ ಕೆತ್ತನೆಯಲ್ಲ, ತುಂಡನ್ನು ಹಿಡಿದಿಡುವ ಗುಳಿಯ ಅಳತೆ. ನಮ್ಮ ಮಕ್ಕಳಲ್ಲಿ ಯಂತ್ರಾಸಕ್ತರು ಅನೇಕರಿರುವುದರಿಂದ ಆ ವಿಚಾರವನ್ನೇ ಇಲ್ಲಿ ವಿವರಿಸುತ್ತೇನೆ.

ನನ್ನಲ್ಲಿರುವುದು ಹವ್ಯಾಸಿಗಳು ಮೇಜಿನ ಮೇಲೆ ಇಟ್ಟುಕೊಳ್ಳುವ, ಗಣಕಯಂತ್ರದ ಆಜ್ಞೆಯಂತೆ ನಡೆಯುವ ಕೆತ್ತನೆ ಯಂತ್ರ. ಸುಮಾರು 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲದ ಕ್ಷೇತ್ರದಲ್ಲಿ ಕೆಲಸ ಮಾಡುವುದರಿಂದ ಈ ಮಾದರಿಗೆ ‘3018’ ಎಂಬ ಹೆಸರು. ಇದನ್ನು ನಡೆಸುವ ‘ಜಿಆರ್‌ಬಿಎಲ್’ ಎಂಬ ತಂತ್ರಾಂಶವನ್ನು ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್ಸ್‌ರುಡ್ ಎಂಬವರು 2009ರಲ್ಲಿ ಆರಂಭಿಸಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಯಂತ್ರದ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ತಿರುಗುತ್ತದೆ; ಪ್ರತಿ ಹೆಜ್ಜೆಯನ್ನೂ 16 ಪಾಲು ಮಾಡಿದರೆ 3200. ಒಂದು ಸುತ್ತಿಗೆ ತಿರುಪು 4 ಮಿ.ಮೀ. ಸಾಗುವುದಾದರೆ ಒಂದು ಮಿಲಿಮೀಟರಿಗೆ 800 ಕಿರುಹೆಜ್ಜೆಗಳು. ಕಾಗದದ ಮೇಲೆ ಈ ಸೂಕ್ಷ್ಮತೆ ಬೆರಗು ಹುಟ್ಟಿಸುತ್ತದೆ. ಆದರೆ 100 ಮಿ.ಮೀ. ಎಂದು ಬರೆದುಕೊಟ್ಟ ಗುಳಿ 99.8 ಆಗಿಯೇ ಹೊರಬರುತ್ತದೆ!

ಒಂದೇ ಅಳತೆಯ ಅನೇಕ ತುಂಡುಗಳನ್ನು ಪ್ರತಿ ಸಲವೂ ಒಂದೇ ಸ್ಥಾನದಲ್ಲಿ ಕೂರಿಸುವ ಸಾಧನಕ್ಕೆ ಮರಗೆಲಸದವರು ಜಿಗ್ ಎನ್ನುತ್ತಾರೆ. ನಾನು ಯಂತ್ರದ ಹಾಸಿನ ಮೇಲೆ ಎಂ.ಡಿ.ಎಫ್. ಹಲಗೆಯೊಂದನ್ನು ಬಿಗಿದು, ಅದೇ ಯಂತ್ರದಿಂದ ಅದರಲ್ಲಿ 6 ಮಿ.ಮೀ. ಆಳದ ನಾಲ್ಕು ಗುಳಿಗಳನ್ನು ಕೊರೆಯಲು ನಿಶ್ಚಯಿಸಿದೆ. ಗುಳಿ ಸಡಿಲವಾದರೆ ತುಂಡು ಅಲುಗುತ್ತದೆ, ಅಂಚಿನ ಗೆರೆ ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗಿ ಕಾಣುತ್ತದೆ. ಬಿಗಿಯಾದರೆ ಕೆಡುಕು ಇನ್ನೂ ಹೆಚ್ಚು. ತುಂಡು ತಳಕ್ಕೆ ಕೂರದೆ ಒಂದು ಮೂಲೆ 0.3 ಮಿ.ಮೀ. ಎದ್ದಿತೆಂದುಕೊಳ್ಳಿ. 90 ಡಿಗ್ರಿ ಮೊನೆಯ ಬಿಟ್ ಅಲ್ಲಿ ಅಷ್ಟೇ ಹೆಚ್ಚು ಆಳಕ್ಕೆ ಇಳಿಯುತ್ತದೆ, ಗೆರೆಯ ಅಗಲವಾದರೋ ಅದರ ಇಮ್ಮಡಿ, ಅಂದರೆ 0.6 ಮಿ.ಮೀ. ಹೆಚ್ಚುತ್ತದೆ. ರೋಮನ್ ಅಕ್ಷರಗಳಾದರೆ ಹೇಗೋ ಸಹಿಸಿಯಾವು. ನಮ್ಮ ಒತ್ತಕ್ಷರಗಳ ಪುಟ್ಟ ಸುರುಳಿಗಳು ಮುಚ್ಚಿಹೋಗುತ್ತವೆ.

ಇನ್ನು ಅಳತೆ ತಪ್ಪುವುದೇಕೆ? ಗಣಕಯಂತ್ರಕ್ಕೆ ನಾವು ಬಿಟ್ಟಿನ ವ್ಯಾಸವನ್ನು ತಿಳಿಸುತ್ತೇವೆ. ಅದು ಗುಳಿಯ ಗೋಡೆಯಿಂದ ಅರ್ಧ ವ್ಯಾಸದಷ್ಟು ಒಳಗೆ ಬಿಟ್ಟನ್ನು ನಡೆಸುತ್ತದೆ. ಬಿಟ್ಟಿನ ಪೊಟ್ಟಣದ ಮೇಲೆ 3.175 ಎಂದಿದ್ದು, ನಿಜದಲ್ಲಿ 3.12 ಇದ್ದರೆ ಗುಳಿಯೂ ಅಷ್ಟು ಕಿರಿದಾಗುತ್ತದೆ. ಬಿಟ್ಟು ಕೊಲೆಟ್‌ನಲ್ಲಿ ಓರೆಯಾಗಿ ತೊನೆಯುತ್ತ ತಿರುಗಿದರೆ ಗುಳಿ ಹಿಗ್ಗುತ್ತದೆ. ದಿಕ್ಕು ಬದಲಾಯಿಸುವಾಗ ತಿರುಪಿನ ಸಡಿಲಿನಲ್ಲಿ ಕೆಲವು ಹೆಜ್ಜೆಗಳು ವ್ಯರ್ಥವಾಗುವುದರಿಂದ ಗುಳಿ ಕುಗ್ಗುತ್ತದೆ. ಗೋಡೆಗೆ ಒತ್ತಿ ಕೊರೆಯುವಾಗ ಸಣ್ಣ ಬಿಟ್ಟು ಹಿಂದಕ್ಕೆ ಬಾಗಿ, ಗುಳಿಯ ಬಾಯಿಗಿಂತ ತಳ ಕಿರಿದಾಗುವುದೂ ಉಂಟು. ಕೊನೆಯದಾಗಿ, ಮಿಲಿಮೀಟರಿಗೆ ಇಷ್ಟು ಹೆಜ್ಜೆ ಎಂಬ ಲೆಕ್ಕವೇ ತುಸು ತಪ್ಪಿರಬಹುದು.

ಇವುಗಳಲ್ಲಿ ಮೊದಲು ಹೇಳಿದವು ಗುಳಿ ಚಿಕ್ಕದಿರಲಿ ದೊಡ್ಡದಿರಲಿ ಒಂದೇ ಸಮನಾಗಿ ಕಾಡುವ ದೋಷಗಳು. ಕೊನೆಯದು ಮಾತ್ರ ಅಳತೆಯೊಡನೆ ಬೆಳೆಯುವ ದೋಷ. ಒಂದೇ ಗುಳಿಯನ್ನು ಅಳೆದು ನೋಡಿದರೆ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ; ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಬೇಕೆಂದು ಬೀಜಗಣಿತದಲ್ಲಿ ಕಲಿತದ್ದು ಇಲ್ಲಿ ಅನ್ವಯಿಸುತ್ತದೆ. ಆದುದರಿಂದ ಉಳಿಕೆ ಹಲಗೆಯಲ್ಲಿ 20 ಮಿ.ಮೀ. ಮತ್ತು 100 ಮಿ.ಮೀ. ಬದಿಯ ಎರಡು ಚೌಕ ಗುಳಿಗಳನ್ನು ಕೊರೆದೆ. ಅಡ್ಡಲಾಗಿ ಅಳೆದಾಗ ಚಿಕ್ಕದು 19.84, ದೊಡ್ಡದು 99.80 ಬಂದಿತು. ಕೊರತೆ ಕ್ರಮವಾಗಿ 0.16 ಮತ್ತು 0.20. ಅಂದರೆ 80 ಮಿ.ಮೀ. ಹೆಚ್ಚಿದಾಗ ಕೊರತೆ ಹೆಚ್ಚಿದ್ದು ಕೇವಲ 0.04. ಈ ದರದಲ್ಲಿ ಚಿಕ್ಕ ಗುಳಿಗೆ ಬೀಳುವ ಪಾಲು 0.01, ಉಳಿದ 0.15 ಎರಡಕ್ಕೂ ಸಮಾನವಾದ ದೋಷ.

ಇದಕ್ಕೆ ಪರಿಹಾರ ಸುಲಭ. ಬಿಟ್ಟಿನ ವ್ಯಾಸ 3.175 ಎನ್ನುವುದರ ಬದಲು 3.025 ಎಂದು ಗಣಕಕ್ಕೆ ತಿಳಿಸಿದರೆ ಆಯಿತು. ಇದು ಬಿಟ್ಟಿನ ನಿಜವಾದ ವ್ಯಾಸವಲ್ಲ, ಸಡಿಲು ಬಾಗುಗಳನ್ನೆಲ್ಲ ಒಳಗೊಂಡ ವ್ಯವಹಾರದ ವ್ಯಾಸ. ಉಳಿದ 0.05ಕ್ಕಾಗಿ 800 ಹೆಜ್ಜೆಗಳನ್ನು 800.4 ಮಾಡಬಹುದಿತ್ತು, ಅಷ್ಟಕ್ಕೆ ಯಂತ್ರದ ಮೂಲ ಲೆಕ್ಕವನ್ನು ಕದಲಿಸದೆ ನಕ್ಷೆಯಲ್ಲಿಯೇ ಸೇರಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ದೊಡ್ಡ ಗುಳಿಯೊಂದನ್ನೇ ನೋಡಿ ಹೆಜ್ಜೆಗಳನ್ನು 801.6ಕ್ಕೆ ಏರಿಸುವವರು ಬಹಳ. ಆಗ 100 ಸರಿಯಾಗುತ್ತದೆ ನಿಜ, ಆದರೆ 20ರ ಗುಳಿ 19.87ರಲ್ಲಿಯೇ ನಿಲ್ಲುತ್ತದೆ, ಅಕ್ಷರಗಳ ಅಂತರವೂ ಕೆಡುತ್ತದೆ. ತಿರುಪಿನ ಬದಲು ರಬ್ಬರ್ ಪಟ್ಟಿಯಿಂದ ನಡೆಯುವ ಯಂತ್ರಗಳಲ್ಲಿ ಪಟ್ಟಿ ಹಿಗ್ಗುವುದರಿಂದ ಈ ಎರಡನೆಯ ಜಾತಿಯ ದೋಷ ಹೆಚ್ಚು. ಅಲ್ಲಿ ಹೆಜ್ಜೆಯ ತಿದ್ದುಪಡಿ ಬೇಕಾದೀತು. ಅಡ್ಡಕ್ಕೂ ಉದ್ದಕ್ಕೂ ಪರೀಕ್ಷೆ ಬೇರೆ ಬೇರೆಯಾಗಿಯೇ ನಡೆಯಬೇಕು.

ಅಳೆಯುವ ಕ್ರಮವನ್ನೂ ಹೇಳಬೇಕು. ವರ್ನಿಯರ್ ಕ್ಯಾಲಿಪರನ್ನು ಪ್ರೌಢಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಎಲ್ಲರೂ ಹಿಡಿದವರೇ. ಅದರ ಮೇಲಣ ಸಣ್ಣ ದವಡೆಗಳ ನೆನಪು ಮಾತ್ರ ಹೆಚ್ಚಿನವರಿಗೆ ಇರಲಾರದು. ಅವುಗಳನ್ನು ಗುಳಿಯೊಳಗೆ ಇಳಿಸಿ ತುಸು ಆಚೀಚೆ ಆಡಿಸಿದಾಗ ದೊರೆಯುವ ಅತಿ ಕಡಿಮೆ ಅಳತೆಯೇ ಎರಡು ಗೋಡೆಗಳ ನಿಜವಾದ ಅಂತರ. ಬಾಯಿಯಲ್ಲೊಮ್ಮೆ, ತಳದಲ್ಲೊಮ್ಮೆ ಅಳೆಯಬೇಕು. ಎರಡೂ ಬೇರೆಯಾದರೆ ಬಿಟ್ಟು ಬಾಗುತ್ತಿದೆಯೆಂದು ತಿಳಿಯಬೇಕು. ಹಾಗಾಗದಂತೆ ಮೊದಲು ಗೋಡೆಯಲ್ಲಿ 0.3 ಮಿ.ಮೀ. ಉಳಿಸಿ, ಒಂದೊಂದೇ ಪದರವಾಗಿ ಕೊರೆದು, ಕೊನೆಗೆ ಪೂರ್ಣ ಆಳದಲ್ಲಿ ಆ ತೆಳು ಪದರವನ್ನು ನಿಧಾನವಾಗಿ ಸವರಬೇಕು. ಅದೇ ಹಾದಿಯಲ್ಲಿ ಇನ್ನೊಮ್ಮೆ ನಡೆಸಿದರೆ ಇನ್ನೂ ಒಳ್ಳೆಯದು. ಪರೀಕ್ಷೆಯ ಗುಳಿಗಳನ್ನೂ ಇದೇ ಕ್ರಮದಲ್ಲಿ ಕೊರೆಯದಿದ್ದರೆ ಮೇಲಿನ ಲೆಕ್ಕಕ್ಕೆ ಅರ್ಥವಿಲ್ಲ. ಎರಡು ಕರ್ಣಗಳನ್ನೂ ಹೋಲಿಸಿ ನೋಡಬೇಕು. ಅವು ಸಮನಾಗಿಲ್ಲದಿದ್ದರೆ ಯಂತ್ರದ ಚೌಕಟ್ಟು ಓರೆಯಾಗಿದೆ, ಅದಕ್ಕೆ ಗಣಕದ ಲೆಕ್ಕ ಮದ್ದಲ್ಲ.

ದುಂಡಗಿನ ಬಿಟ್ಟು ಒಳಮೂಲೆಯನ್ನು ಚೌಕವಾಗಿ ಕೊರೆಯಲಾರದು. 3.175ರ ಬಿಟ್ಟು ನಿಜವಾದ ಮೂಲೆಯಿಂದ 0.66 ಮಿ.ಮೀ. ಈಚೆಗೇ ನಿಲ್ಲುತ್ತದೆ. ಚೂಪು ಮೂಲೆಯ ಫಲಕ ಅಲ್ಲಿ ತಡೆದು ನಿಲ್ಲುವುದರಿಂದ ಪ್ರತಿ ಮೂಲೆಯಲ್ಲಿಯೂ ಕರ್ಣದ ಉದ್ದಕ್ಕೆ ಬಿಟ್ಟನ್ನು ಅಷ್ಟು ಮುಂದೊತ್ತಿ ಒಂದು ದುಂಡು ಕಿವಿ ಕೊರೆಯಬೇಕು. ಉಳಿಯಿಂದ ಕೆತ್ತಿಯೂ ಸರಿಮಾಡಬಹುದು.

ಇನ್ನು ಗುಳಿಯನ್ನು ಎಷ್ಟು ಸಡಿಲ ಬಿಡಬೇಕು? 64 ತುಂಡುಗಳನ್ನೂ ಅಳೆದು ನೋಡಿದೆ. ಅತಿ ದೊಡ್ಡದು 100.1ಕ್ಕೆ 70.2 ಇತ್ತು. ಮರ ತೇವಕ್ಕೆ ಹಿಗ್ಗುವುದು ಎಳೆಗೆ ಅಡ್ಡಲಾಗಿ, ಉದ್ದಕ್ಕೆ ಹಿಗ್ಗುವುದು ತೀರಾ ಅಲ್ಪ. ಕೆಲಸ ನಡೆದುದು ಆಟಿ ತಿಂಗಳ ಮಳೆಯಲ್ಲಿ. ಕಾಸರಗೋಡಿನ ಆ ದಿನಗಳ ಗಾಳಿಯಲ್ಲಿ ಬಾಗಿಲುಗಳೇ ದಾರಂದಕ್ಕೆ ಕೂರಲೊಲ್ಲವು. ಆದುದರಿಂದ ಉದ್ದಕ್ಕೆ 0.1, ಅಗಲಕ್ಕೆ 0.3 ಮಿ.ಮೀ. ಬಿಟ್ಟು ಗುಳಿಯನ್ನು 100.2ಕ್ಕೆ 70.5 ಮಾಡಿದೆ. ಚಿಕ್ಕ ತುಂಡುಗಳು ಇದರಲ್ಲಿ ಅಲುಗುತ್ತವಷ್ಟೆ. ಅದಕ್ಕಾಗಿ ಎರಡು ಗೋಡೆಗಳನ್ನು ಆಧಾರವೆಂದಿಟ್ಟುಕೊಂಡು, ಎದುರು ಬದಿಯಲ್ಲಿ ಸಣ್ಣ ಬೆಣೆ ಒತ್ತಲು ಜಾಗ ಬಿಟ್ಟೆ. ತುಂಡನ್ನು ಮಗುಚಿದಾಗಲೂ ಅದೇ ಉದ್ದದ ಅಂಚೇ ಆಧಾರದ ಗೋಡೆಗೆ ತಾಗುವಂತೆ ಅಂಚಿಗೆ ಪೆನ್ಸಿಲಿನ ಗುರುತು. ತಳದ ಅಂಚಿನಲ್ಲಿ ಹೊಟ್ಟು ಸೇರಲು ಸಣ್ಣ ಕಾಲುವೆ, ತುಂಡನ್ನೆತ್ತಲು ಬೆರಳಿನ ತೂತು.

ಹಳೆಯ ಪಕ್ಕಾಸಿನಲ್ಲಿ ರೀಪಿನ ಮೊಳೆಗಳು ಮುರಿದು ಉಳಿದಿರುತ್ತವೆ. ಪ್ರತಿ ತುಂಡಿನ ಮೇಲೂ ಅಯಸ್ಕಾಂತ ಆಡಿಸಿ ನೋಡಿ, ಮೊಳೆಯಿದ್ದ ಎರಡನ್ನು ಮೊದಲೇ ಬದಿಗಿಟ್ಟೆ. ಎಂ.ಡಿ.ಎಫ್. ಧೂಳು ಶ್ವಾಸಕೋಶಕ್ಕೆ ಕೇಡಾದುದರಿಂದ ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಅಗತ್ಯ. 3.025 ಎಂಬ ಆ ಸಂಖ್ಯೆ ಒಂದು ಬಿಟ್ಟಿಗೆ ಮಾತ್ರ ಸಲ್ಲುವಂಥದು. ಬಿಟ್ಟು ಬದಲಾದ ದಿನ ಎರಡು ಚೌಕಗಳ ಪರೀಕ್ಷೆಯನ್ನು ಹೊಸದಾಗಿ ಮಾಡಿ, ಬಂದ ಸಂಖ್ಯೆಯನ್ನು ದಿನಾಂಕದೊಡನೆ ಜಿಗ್‌ನ ಬದಿಯಲ್ಲಿಯೇ ಬರೆದಿಡುತ್ತೇನೆ.