ಮೋಟಾರು ಸೈಕಲ್ ಯಾತ್ರಿಕನ ಡೇರೆಯೂ ದಿಕ್ಸೂಚಿಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವವನು ರಾತ್ರಿಯಲ್ಲಿ ಎಲ್ಲಿ ಮಲಗಬೇಕೆಂಬುದನ್ನು ಹೇಳುವ ಅಗತ್ಯ ಅವರಿಗಿರಲಿಲ್ಲ. ದಾರಿಯಲ್ಲಿ ಛತ್ರಗಳಿದ್ದುವು, ಮಠಗಳಿದ್ದುವು. ಯಾವುದೂ ಇಲ್ಲದಿದ್ದರೆ ಯಾರದಾದರೂ ಮನೆಯ ಜಗಲಿಯಿದ್ದಿತು. ಈಗಿನ ತರುಣರು ಮೋಟಾರು ಸೈಕಲ್ಲನ್ನೇರಿ ಹೊರಡುವುದಾದರೋ ಜಗಲಿಗಳಿಲ್ಲದ ಕಡೆಗೆ: ಲಡಾಖಿನ ಬೋಳುಬೆಟ್ಟಗಳಿಗೆ, ಸ್ಪಿತಿಯ ಕಣಿವೆಗೆ, ನಮ್ಮ ಮಲೆನಾಡಿನ ಘಟ್ಟಗಳಿಗೆ. ಅಲ್ಲಿ ಡೇರೆಯೇ ಮನೆ, ದಾರಿ ತೋರುವ ಸಾಧನವೇ ಬಂಧು. ಮಗನೋ ಮಗಳೋ ಇವುಗಳಿಗಾಗಿ ಹಣ ಕೇಳಿದಾಗ ‘ಇದೆಲ್ಲ ಏತಕ್ಕೆ?’ ಎಂದು ಗದರಿಸುವ ಹಿರಿಯರುಂಟು. ಕೇಳಿದಷ್ಟನ್ನು ಕೊಟ್ಟು ಸುಮ್ಮನಾಗುವವರೂ ಉಂಟು. ಎರಡೂ ಸರಿಯಲ್ಲ. ಈ ವಸ್ತುಗಳನ್ನು ಆರಿಸುವ ಬಗೆಯನ್ನು ಮನೆಯವರೆಲ್ಲರೂ ತಿಳಿದಿರುವುದು ಲೇಸು. ನಾವು ಅದನ್ನು ಕಲಿತದ್ದು ಕಷ್ಟಪಟ್ಟು.

ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳಿನಲ್ಲಿ, ನಾವೂ ನಮ್ಮ ತಮ್ಮನೂ ಮೂಡಿಗೆರೆಯ ಕಡೆಗೆ ಹೋಗಿ, ಪರಿಚಿತರೊಬ್ಬರ ಅಪ್ಪಣೆ ಪಡೆದು ಅವರ ಕಾಫಿ ತೋಟದ ಅಂಚಿನಲ್ಲಿ ಡೇರೆ ಹಾಕಿದೆವು. ಡೇರೆ ಅಗ್ಗದ್ದು, ಒಂದೇ ಪದರದ ಬಟ್ಟೆ, ಗಾಜಿನ ನಾರಿನ ಕೋಲುಗಳು. ರಾತ್ರಿ ಹನ್ನೊಂದರ ಮೇಲೆ ಗಾಳಿಯೊಡನೆ ಮಳೆ ಹಿಡಿಯಿತು. ಮೊದಲು ಹೊಲಿಗೆಗಳು ಜಿನುಗಿದುವು. ಬಳಿಕ ಒಂದು ಕೋಲು ಸೀಳಿ ಬಟ್ಟೆಯನ್ನು ಹರಿದುಕೊಂಡು ಹೊರಬಂದಿತು. ಹೊದಿಕೆ ನೆನೆಯಿತು, ತೊಟ್ಟ ಬಟ್ಟೆಯೂ ನೆನೆಯಿತು. ತೋಟದ ಮನೆ ಅರ್ಧ ಮೈಲಿಗಿಂತ ಹತ್ತಿರವಿದ್ದಿತು. ಆದರೆ ಮೊಬೈಲ್ ಫೋನಿನ ನಕಾಶೆಯನ್ನೇ ನಂಬಿ ಬಂದಿದ್ದ ನಾವು, ಆ ಮನೆ ಯಾವ ದಿಕ್ಕಿನಲ್ಲಿದೆಯೆಂಬುದನ್ನು ಹಗಲಿನಲ್ಲಿ ಒಮ್ಮೆಯೂ ಗುರುತಿಸಿಕೊಂಡಿರಲಿಲ್ಲ. ನಮ್ಮ ಫೋನು ನೀರು ಕುಡಿದು ಆರಿಹೋಗಿದ್ದಿತು. ತಮ್ಮನ ಫೋನಿನಲ್ಲಿ ಬಿಳಿಯ ಪರದೆ, ಅದರ ನಡುವೆ ಒಂದು ನೀಲಿ ಚುಕ್ಕೆ. ಸುತ್ತಮುತ್ತ ದಾರಿಯೂ ಇಲ್ಲ, ಊರೂ ಇಲ್ಲ. ಜೇಬಿನಲ್ಲಿ ದಿಕ್ಸೂಚಿಯೇನೋ ಇದ್ದಿತು. ಹೋಗಬೇಕಾದ ದಿಕ್ಕನ್ನೇ ಅರಿಯದವನಿಗೆ ದಿಕ್ಸೂಚಿ ಏನು ಹೇಳೀತು? ಮಂಜಿನಲ್ಲಿ ಒಂದು ಗಂಟೆ ನಡೆದು ನಮ್ಮ ಮುರಿದ ಡೇರೆಯ ಬಳಿಗೇ ಮರಳಿ ಬಂದೆವು. ಅಷ್ಟರಲ್ಲಿ ತಮ್ಮನ ಮಾತು ತೊದಲುತ್ತಿದ್ದಿತು. ಅವನ ನಡುಕ ನಿಂತುದನ್ನು ಕಂಡು ನಾವು ಸಮಾಧಾನಪಟ್ಟೆವು. ಅದು ದೇಹವು ಚಳಿಗೆ ಸೋಲುತ್ತಿರುವುದರ ಲಕ್ಷಣವೆಂದು ತಿಳಿದದ್ದು ಆಮೇಲೆ. ನಸುಕಿಗೆ ಮುನ್ನ ಎಲ್ಲಿಯೋ ನಾಯಿಯೊಂದು ಬೊಗಳಿತು. ಆ ದನಿಯನ್ನೇ ಹಿಡಿದು ಮನೆ ಸೇರಿದೆವು. ಅಂದಿನ ಒಲೆಯ ಬೆಂಕಿಯನ್ನು ನಾವು ಮರೆಯಲಾರೆವು.

ಹಿಮ ಬೀಳದ ನಾಡಿನಲ್ಲಿಯೂ ಒದ್ದೆ ಬಟ್ಟೆ ಮತ್ತು ಗಾಳಿ ಜೊತೆಗೂಡಿದರೆ ಮನುಷ್ಯನು ಚಳಿಯಿಂದ ಸಾಯಬಹುದು. ಆ ರಾತ್ರಿ ನಮಗೆ ಎರಡು ಸೂತ್ರಗಳನ್ನು ಕಲಿಸಿತು: ಡೇರೆಯನ್ನು ಅತ್ಯಂತ ಕೆಟ್ಟ ರಾತ್ರಿಗಾಗಿ ಕೊಳ್ಳಬೇಕು, ದಾರಿಯ ಎರಡನೆಯ ಸಾಧನವನ್ನು, ಮೊದಲನೆಯದು ಕೆಟ್ಟುಹೋಗುವ ಗಳಿಗೆಗಾಗಿ ಇಟ್ಟುಕೊಳ್ಳಬೇಕು.

ಡೇರೆಯನ್ನು ಆರಿಸುವ ಬಗೆ

ಡೇರೆ ಎರಡು ಪದರದ್ದಾಗಿರಲಿ. ಮಲಗಿದವನ ಉಸಿರಿನಿಂದಲೇ ರಾತ್ರಿಯಲ್ಲಿ ಬಹಳ ತೇವ ಹೊರಡುತ್ತದೆ. ಒಂದೇ ಪದರವಿದ್ದರೆ ಅದು ತಣ್ಣನೆಯ ಬಟ್ಟೆಗೆ ತಗುಲಿ ಹನಿಯಾಗಿ ಹೊದಿಕೆಯ ಮೇಲೆ ಬೀಳುತ್ತದೆ. ಎರಡಿದ್ದರೆ ತೇವವು ಒಳಗಿನ ತೆಳುಬಟ್ಟೆಯನ್ನು ದಾಟಿ ಹೊರಪದರದ ಒಳಮೈಯಲ್ಲಿ ನಿಂತು ಕೆಳಗೆ ಜಾರಿಹೋಗುತ್ತದೆ.

ಬಟ್ಟೆಯ ಮೇಲೆ 1,500, 2,000, 3,000 ಮಿಲಿಮೀಟರ್ ಎಂದು ಬರೆದಿರುವುದನ್ನು ಕೊಳ್ಳುವವರು ಕಾಣುತ್ತಾರೆ. ಬಟ್ಟೆಯ ಮೇಲೆ ನೀರಿನ ಕಂಬವನ್ನು ನಿಲ್ಲಿಸಿ ಅದರ ಎತ್ತರವನ್ನು ಹೆಚ್ಚಿಸುತ್ತ ಹೋದರೆ, ಎಷ್ಟು ಎತ್ತರಕ್ಕೆ ಬಟ್ಟೆ ಜಿನುಗುವುದೋ ಅದೇ ಈ ಅಂಕೆ. ಮಲೆನಾಡಿನ ಮಳೆಗೆ ಹೊರಪದರವು 3,000ದಷ್ಟಿದ್ದರೆ ನಿಶ್ಚಿಂತೆ. ನೆಲದ ಬಟ್ಟೆಯ ಮೇಲೆ ಮೊಣಕಾಲಿನ ಭಾರ ಬೀಳುವುದರಿಂದ ಅದು ಇನ್ನೂ ಹೆಚ್ಚಿನದಾಗಿರಬೇಕು. ಆದರೆ ಅಂಕೆ ಎಷ್ಟಿದ್ದರೂ ಹೊಲಿಗೆಗಳಿಗೆ ಒಳಗಿನಿಂದ ಪಟ್ಟಿ ಅಂಟಿಸದಿದ್ದರೆ ಸೂಜಿಯ ತೂತುಗಳಿಂದ ನೀರು ಬಂದೇ ಬರುತ್ತದೆ. ಅಂಗಡಿಯಲ್ಲಿ ಡೇರೆಯನ್ನು ಒಳಮಗ್ಗುಲು ಮಾಡಿ ಹೊಲಿಗೆಗಳನ್ನು ನೋಡತಕ್ಕದ್ದು.

ಕೋಲುಗಳು ಅಲ್ಯೂಮಿನಿಯಂನವಾಗಿರಲಿ. ಗಾಜಿನ ನಾರಿನ ಕೋಲು ಅಗ್ಗವಾದರೂ ಉದ್ದಕ್ಕೆ ಸೀಳುತ್ತದೆ. ಅಲ್ಯೂಮಿನಿಯಂ ಸಾಮಾನ್ಯವಾಗಿ ಮೊದಲು ಬಾಗುತ್ತದೆ, ಮುರಿದರೂ ಒಂದು ಗಿಡ್ಡ ಕೊಳವೆಯನ್ನು ಮೇಲೆ ತೊಡಿಸಿ ರಾತ್ರಿಯನ್ನು ಕಳೆಯಬಹುದು. ಆ ಕೊಳವೆಯನ್ನು ಜೊತೆಯಲ್ಲಿ ಒಯ್ಯುವುದನ್ನು ಮರೆಯಬಾರದು.

ಮೋಟಾರು ಸೈಕಲ್ಲಿನವನು ತೂಕಕ್ಕಿಂತ ಮೊದಲು ನೋಡಬೇಕಾದದ್ದು ಉದ್ದ. ಮಡಿಸಿದ ಕೋಲು 45 ಸೆಂಟಿಮೀಟರನ್ನು ಮೀರಿದರೆ ಪಕ್ಕದ ಚೀಲಗಳಲ್ಲಿ ಹಿಡಿಸುವುದು ಕಷ್ಟ. ಇಬ್ಬರ ಡೇರೆಯೆಂದು ಮಾರುವುದು ಸಾಮಾನಿರುವ ಒಬ್ಬ ಸವಾರನಿಗೆ ಹಿತವಾಗಿರುತ್ತದೆ. ಶಿರಸ್ತ್ರಾಣವೂ ಬೂಟುಗಳೂ ಒದ್ದೆಯಾದ ಅಂಗಿಯೂ ಎಲ್ಲಿಗೆ ಹೋಗಬೇಕು? ಬಾಗಿಲ ಮುಂದೆ ಸಣ್ಣ ಮೊಗಸಾಲೆಯಿರುವ ಡೇರೆ ಇದಕ್ಕಾಗಿಯೇ ಉತ್ತಮ. ಆದರೆ ಆ ಮೊಗಸಾಲೆಯಲ್ಲಾಗಲಿ ಒಳಗಾಗಲಿ ಚಳಿಯೆಂದು ಒಲೆ ಹಚ್ಚಿ ಬಾಗಿಲು ಮುಚ್ಚಬಾರದು. ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವನು ಏಳುವುದಿಲ್ಲ.

ಹಾಕುವ ಸ್ಥಳವನ್ನು ಕುರಿತು ಮೂರು ಮಾತು. ಬಂಡಿಯ ಎತ್ತರದಷ್ಟಾದರೂ ದೂರ ಬಿಟ್ಟು ಡೇರೆ ಹಾಕಬೇಕು. ಮೆತ್ತನೆಯ ನೆಲದಲ್ಲಿ ಅದರ ಕಾಲು ಹೂತು ಬಂಡಿ ಉರುಳುವುದುಂಟು. ಬೆಟ್ಟದ ತೊರೆಯ ಪಾತ್ರದಲ್ಲಿ ಹಾಕಬಾರದು. ಹಿಮಾಲಯದಲ್ಲಿ ಮುಂಜಾನೆ ಪಾದ ಮುಳುಗುವಷ್ಟಿರುವ ತೊರೆ, ಬಿಸಿಲಿಗೆ ಹಿಮ ಕರಗಿ, ಮಧ್ಯಾಹ್ನದ ಮೇಲೆ ಬಂಡಿಯನ್ನೇ ತಳ್ಳುವಂತಾಗುತ್ತದೆ. ನಮ್ಮ ಘಟ್ಟಗಳಲ್ಲಿ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ತಂಗುವುದು ಅಪರಾಧ. ಆನೆಯ ದಾರಿಯಲ್ಲಿ ಮಲಗುವುದು ಅಪರಾಧಕ್ಕಿಂತಲೂ ಹೆಚ್ಚಿನ ಅವಿವೇಕ.

ದಾರಿ ತೋರುವ ಸಾಧನಗಳು

ತಮ್ಮನ ಫೋನಿನ ನೀಲಿ ಚುಕ್ಕೆಯ ಅರ್ಥ ನಮಗೆ ಆಮೇಲೆ ತಿಳಿಯಿತು. ನಾವಿರುವ ಸ್ಥಳವನ್ನು ಫೋನು ಕಂಡುಕೊಳ್ಳುವುದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ ಸಾಕು, ದೂರವಾಣಿಯ ಗೋಪುರ ಬೇಕಾಗಿಯೇ ಇಲ್ಲ. ಗೋಪುರ ಬೇಕಾದುದು ನಕಾಶೆಯನ್ನು ತರಿಸಿಕೊಳ್ಳುವುದಕ್ಕೆ ಮಾತ್ರ. ಆದುದರಿಂದ ಹೋಗುವ ಪ್ರದೇಶದ ನಕಾಶೆಯನ್ನು ಮನೆಯಲ್ಲಿಯೇ ಫೋನಿನೊಳಗೆ ಇಳಿಸಿಕೊಂಡಿದ್ದರೆ, ಕಾಡಿನ ನಡುವೆಯೂ ಆ ಚುಕ್ಕೆಯ ಸುತ್ತ ದಾರಿ ಕಾಣುತ್ತಿದ್ದಿತು. ಖರ್ಚಿಲ್ಲದ ಕೆಲಸ, ನಾವು ಮಾಡಿರಲಿಲ್ಲ.

ಬಂಡಿಯ ಹಿಡಿಗೆ ಫೋನನ್ನು ಸಿಕ್ಕಿಸುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಭಾರಿ ಎಂಜಿನ್ನಿನ ಕಂಪನದಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತು. ಕಂಪನವನ್ನು ಹೀರುವ ಹಿಡಿಕೆ ಬೇಕು. ಇಲ್ಲವಾದರೆ ಸವಾರಿಗೆಂದೇ ಮಾಡಿದ, ಮಳೆಗೆ ಹೆದರದ ಪ್ರತ್ಯೇಕ ಯಂತ್ರವನ್ನು ಕೊಂಡು ಫೋನನ್ನು ಜೇಬಿನಲ್ಲಿಡುವುದು ಮೇಲು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುವುದರಿಂದ ರಾತ್ರಿಯಲ್ಲಿ ಅದನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಬೇಕು.

ಯಂತ್ರವು ತೋರಿಸುವುದು ದಾರಿಯನ್ನೇ ಹೊರತು ವಿವೇಕವನ್ನಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ 2009ರಿಂದ ನಿಷೇಧವಿದೆ. ಯಂತ್ರವನ್ನೇ ನಂಬಿ ಕತ್ತಲೆಯಲ್ಲಿ ಬಂದವನು ಗೇಟಿನ ಮುಂದೆ ರಾತ್ರಿ ಕಳೆಯಬೇಕಾದೀತು.

ಎರಡನೆಯ ಸಾಧನವು ಕಾಗದ. ಸರ್ವೇ ಆಫ್ ಇಂಡಿಯಾ ಇಲಾಖೆಯ ನಕಾಶೆಗಳಲ್ಲಿ ಒಂದು ಕಿಲೋಮೀಟರಿಗೆ 2 ಸೆಂಟಿಮೀಟರಿನಂತೆ ಬರೆದವುಗಳಿವೆ. ಅವುಗಳಲ್ಲಿ ಹಳ್ಳ, ಕಾಲುದಾರಿ, ಬೆಟ್ಟದ ಏರು ಎಲ್ಲವೂ ಕಾಣುತ್ತವೆ. ಜೊತೆಗೆ ಊರುಗಳ ಹೆಸರು, ನಡುವಣ ದೂರ, ಪೆಟ್ರೋಲ್ ಸಿಗುವ ಸ್ಥಳ ಇವನ್ನು ದಪ್ಪಕ್ಷರದಲ್ಲಿ ಬರೆದ ಒಂದು ಚೀಟಿ ಟ್ಯಾಂಕಿನ ಮೇಲಣ ಚೀಲದ ಪಾರದರ್ಶಕ ಜೇಬಿನಲ್ಲಿರಲಿ. ದಾರಿಯ ಕಲ್ಲುಗಳೂ ಮಾತನಾಡುತ್ತವೆ: ಹಳದಿಯ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸುರಿನದು ರಾಜ್ಯ ಹೆದ್ದಾರಿ.

ಮೂರನೆಯದು ದಿಕ್ಸೂಚಿ. ಅದನ್ನು ಬಂಡಿಯ ಪಕ್ಕದಲ್ಲಿ ನಿಂತು ನೋಡಬಾರದು. ಕಬ್ಬಿಣವೂ ಫೋನಿನೊಳಗಣ ಅಯಸ್ಕಾಂತವೂ ಮುಳ್ಳನ್ನು ತಮ್ಮ ಕಡೆಗೆ ಎಳೆಯುತ್ತವೆ. ಹತ್ತು ಹೆಜ್ಜೆ ಆಚೆಗೆ ಹೋಗಿ ನೋಡತಕ್ಕದ್ದು. ಡೇರೆ ಹಾಕಿದ ಕೂಡಲೆ, ಬೆಳಕಿರುವಾಗಲೇ, ರಸ್ತೆ ಯಾವ ಕಡೆಗೆ, ಹತ್ತಿರದ ಮನೆ ಯಾವ ಕಡೆಗೆ ಎಂದು ಗುರುತಿಸಿ ಬರೆದಿಟ್ಟುಕೊಳ್ಳಬೇಕು. ಮೂಡಿಗೆರೆಯಲ್ಲಿ ಈ ಒಂದು ನಿಮಿಷದ ಕೆಲಸವನ್ನು ಮಾಡಿದ್ದರೆ ಕಾಲು ಗಂಟೆಯಲ್ಲಿ ಮನೆ ಸೇರುತ್ತಿದ್ದೆವು.

ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವನ್ನು ವಿದೇಶದಿಂದ ತರಿಸಬೇಕೆಂಬ ಆಸೆ ಕೆಲವರಿಗುಂಟು. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ನಮ್ಮ ದೇಶದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಅರಿಯದೆ ತಂದ ವಿದೇಶಿ ಪ್ರವಾಸಿಗಳನ್ನು ವಿಮಾನ ನಿಲ್ದಾಣಗಳಲ್ಲಿ ತಡೆದಿರುವ ಸಂಗತಿಗಳಿವೆ.

ನಕಾಶೆಯೇ ಹಾಸಿಗೆಯನ್ನು ಆರಿಸುವುದು

ಡೇರೆಯೂ ನಕಾಶೆಯೂ ಬೇರೆ ಬೇರೆ ವಿಷಯಗಳೆಂದು ತೋರಬಹುದು. ಲಡಾಖಿನ ದಾರಿಯಲ್ಲಿ ಅವು ಒಂದೇ ಆಗುತ್ತವೆ. 3,000 ಮೀಟರಿನ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಮಾತು. ಮನಾಲಿ ಸುಮಾರು 2,000 ಮೀಟರ್, ಜಿಸ್ಪಾ 3,200, ಸರ್ಚು 4,300. ಸರ್ಚುವಿನ ಬಯಲು ಡೇರೆಗೆ ಸೊಗಸಾದುದು. ಆದರೆ ಮನಾಲಿಯಿಂದ ಹೊರಟು ಮೊದಲನೆಯ ಅಥವಾ ಎರಡನೆಯ ರಾತ್ರಿಯೇ ಅಲ್ಲಿ ಮಲಗುವವನಿಗೆ ತಲೆನೋವು, ವಾಂತಿ ಮಾತ್ರವಲ್ಲ, ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಉಂಟು. ಎಷ್ಟು ಬೆಲೆಯ ಡೇರೆಯೂ ಇದನ್ನು ತಡೆಯಲಾರದು. ಶ್ರೀನಗರದ ದಾರಿಯಾದರೆ ರಾತ್ರಿಗಳು ಮೆಲ್ಲಮೆಲ್ಲನೆ ಏರುತ್ತವೆ: ಶ್ರೀನಗರ 1,600, ಕಾರ್ಗಿಲ್ 2,700, ಲೇಹ್ 3,500. ನಡುವೆ ಎತ್ತರದ ಕಣಿವೆಮಾರ್ಗಗಳನ್ನು ದಾಟಿದರೂ ಮಲಗುವುದು ತಗ್ಗಿನಲ್ಲಿ. ಮರುವರ್ಷ ನಾವಿಬ್ಬರೂ ಹೋದದ್ದು ಈ ದಾರಿಯಲ್ಲಿಯೇ. ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಕುಳಿತು, ಬಳಿಕವೇ ಮುಂದುವರಿದೆವು.

ಹೊರಡುವ ಮುನ್ನ ಹೊಸ ಡೇರೆಯನ್ನು ಮನೆಯ ಮಾಳಿಗೆಯ ಮೇಲೆ ಹಾಕಿದೆವು. ನಮ್ಮ ತಾಯಿಯವರು ಅದರ ಮೇಲೆ ಹತ್ತು ಕೊಡ ನೀರನ್ನು ಸುರಿದು, ಒಳಗೆ ಕುಳಿತ ತಮ್ಮನನ್ನು ‘ನೆನೆದೆಯಾ?’ ಎಂದು ಕೇಳಿದರು. ಅವನು ನೆನೆದಿರಲಿಲ್ಲ. ವಾಚಕರೂ ಹೀಗೆಯೇ ಪರೀಕ್ಷಿಸಲಿ. ಕತ್ತಲೆಯಲ್ಲಿ, ದೀಪವಿಲ್ಲದೆ, ಒಮ್ಮೆ ಹಾಕಿ ತೆಗೆಯುವುದನ್ನೂ ಅಭ್ಯಾಸಮಾಡಲಿ. ಮರಳಿ ಬಂದ ಮೇಲೆ ಡೇರೆಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಇಡಬೇಕು. ಒದ್ದೆಯಾಗಿ ಮಡಿಸಿಟ್ಟರೆ ಲೇಪವು ಅಂಟಂಟಾಗಿ ಸುಲಿದು ಮುಂದಿನ ಮಳೆಗೆ ಕೈಕೊಡುತ್ತದೆ.

ಕೊನೆಯದಾಗಿ, ದಾರಿಯ ಚೀಟಿಯ ಒಂದು ಪ್ರತಿ ಮನೆಯಲ್ಲಿರಲಿ: ಯಾವ ರಾತ್ರಿ ಎಲ್ಲಿ, ಫೋನು ಸಿಗದ ಜಾಗಗಳು ಯಾವುವು, ಎಷ್ಟು ಹೊತ್ತಿನ ಮೇಲೆ ಯಾರನ್ನು ವಿಚಾರಿಸಬೇಕು. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇದನ್ನು ಅರಿಯದೆ ಹೋದ ಮಕ್ಕಳಿಗಾಗಿ ಮನೆಯಲ್ಲಿ ಊಟ ಬಿಟ್ಟು ಕುಳಿತ ತಂದೆತಾಯಿಗಳನ್ನು ನಾವು ಬಲ್ಲೆವು. ಆ ಚೀಟಿಯನ್ನು ಕೇಳಿ ಪಡೆದ ಮೇಲೆಯೇ ಹಿರಿಯರು ಡೇರೆಗೆ ಹಣ ಕೊಡಲಿ.