ಬೇಲಿಗೆ ಯಾವ ಮರ?

ಸಿದ್ದರಬೆಟ್ಟದ ತಪ್ಪಲಿನಲ್ಲಿರುವ ನಮ್ಮ ಮನೆಯ ಬೇಲಿ ಮುಂಗಾರಿನ ಒಂದು ರಾತ್ರಿ ಅಡ್ಡ ಮಲಗಿಬಿಟ್ಟಿತು. ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಯಾರದೋ ಎರಡು ಎಮ್ಮೆ. ಮೊಮ್ಮಗಳು ಬೇಸಿಗೆ ರಜೆಯಲ್ಲಿ ನೆಟ್ಟುಹೋಗಿದ್ದ ಬದನೆ ಗಿಡಗಳಲ್ಲಿ ಒಂದೂ ಉಳಿದಿರಲಿಲ್ಲ. ಫೋನಿನಲ್ಲಿ ಅವಳಿಗೆ ಇದನ್ನು ಹೇಳಲು ನಾನು ಎರಡು ದಿನ ತೆಗೆದುಕೊಂಡೆ.

ತಪ್ಪು ನನ್ನದೇ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ವರ್ಷದ ಹಿಂದೆ ಹಸಿ ನೀಲಗಿರಿ ಗಳುಗಳನ್ನು ತಂದು ನೇರವಾಗಿ ಮಣ್ಣಿಗೆ ಹೂತಿದ್ದೆ. (2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದರೂ ಹಳೆಯ ತೋಪುಗಳ ಗಳು ನಮ್ಮ ಕಡೆ ಸಿಗುತ್ತವೆ.) ಬಿದ್ದ ಗೂಟಗಳನ್ನು ಕಿತ್ತು ನೋಡಿದಾಗ ಒಂದು ಸಂಗತಿ ಕಂಡಿತು. ಆಳದಲ್ಲಿದ್ದ ತುದಿ ಗಟ್ಟಿ, ಮೇಲಿನ ಭಾಗವೂ ಗಟ್ಟಿ. ಎಲ್ಲವೂ ಮುರಿದದ್ದು ಸರಿಯಾಗಿ ನೆಲದ ಮಟ್ಟದಲ್ಲಿ! ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಚೆನ್ನಾಗಿ ಸೇರುವುದು ಅಲ್ಲಿಯೇ. ಮಿಕ್ಕ ಕೆಲಸವನ್ನು ಗೆದ್ದಲು ಮುಗಿಸಿತ್ತು.

ಊರಿನ ಬಡಗಿ ಒಂದು ತುಂಡನ್ನು ಅಡ್ಡ ಕೊಯ್ದು ತೋರಿಸಿದರು. ನಡುವೆ ಕಪ್ಪಾಗಿರುವುದು ಚೇಗು, ಸುತ್ತ ಬೆಳ್ಳಗಿರುವುದು ಎಳೆಯ ಮರ. ಗೆದ್ದಲಿಗೆ ಮೊದಲು ರುಚಿಸುವುದು ಬಿಳಿಯ ಭಾಗ. ತೇಗವೆಂದ ಮಾತ್ರಕ್ಕೆ ಬಾಳಿಕೆ ಬರುವುದಿಲ್ಲ, ಎಳೆಯ ತೇಗದಲ್ಲಿ ಬಿಳಿಯೇ ಹೆಚ್ಚು. "ಕರಿಜಾಲಿ ಹಾಕಿ ಸ್ವಾಮಿ" ಎಂದರು. ಹಿಂದೆ ಗಾಡಿಯ ಚಕ್ರಕ್ಕೆ, ನೇಗಿಲಿಗೆ ಬಳಸುತ್ತಿದ್ದ ಮರ ಅದು. ನಿಮ್ಮ ಮನೆಯ ಅಜ್ಜನನ್ನು ಕೇಳಿ ನೋಡಿ, ಗೊತ್ತಿರುತ್ತದೆ.

ದಸರಾ ರಜೆಗೆ ಬಂದ ಮೊಮ್ಮಗಳು ತಾನೇ ಬರೆದ ಚಿತ್ರ ತಂದಿದ್ದಳು. ಬಿಳಿ ಬಣ್ಣದ, ಸ್ಕೇಲಿಟ್ಟು ಗೆರೆ ಎಳೆದಂಥ ಬೇಲಿ. ಕರಿಜಾಲಿಯಲ್ಲಿ ಅಷ್ಟು ಉದ್ದದ, ನೆಟ್ಟನೆಯ ಹಲಗೆ ಎಲ್ಲಿ ಸಿಗಬೇಕು? ಅವಳ ಮುಖ ಬಾಡಿತು. ನನ್ನ ಮಗ "ಕಾಂಪೌಂಡು ಕಟ್ಟಿಸಿ ಮುಗಿಸಿ" ಎಂದ. ಗೋಡೆ ಎದ್ದರೆ ಜಗಲಿಯಿಂದ ಬೆಟ್ಟ ಕಾಣುವುದಿಲ್ಲವಲ್ಲ! ಅದಕ್ಕೆ ನಾನು ಒಪ್ಪಲಿಲ್ಲ, ಅವಳೂ ಒಪ್ಪಲಿಲ್ಲ.

ಕೊನೆಗೆ ನಮ್ಮ ಸೀಮೆಯ ಹೊಲಗಳಲ್ಲಿ ಕಾಣುವ ಕಲ್ಲುಕೂಚಗಳನ್ನೇ ತರಿಸಿದೆವು. ಎರಡು ಅಡಿ ನೆಲದೊಳಗೆ, ನಾಲ್ಕು ಅಡಿ ಮೇಲೆ. ಐದೈದು ಅಡಿಗೆ ಒಂದು, ಜಾಲಿಯ ಗಿಡ್ಡ ಹಲಗೆಗೆ ಅಷ್ಟೇ ಸಾಕು. ಚೆನ್ನಾಗಿ ಒಣಗಿದ ಹಲಗೆಗಳನ್ನು ಬೋಲ್ಟ್ ಹಾಕಿ ಬಿಗಿದೆವು. ಕೆಳಗಿನ ಹಲಗೆ ನೆಲದಿಂದ ಒಂದು ಗೇಣು ಮೇಲೆ. ಮಣ್ಣಿಗೆ ಕಲ್ಲು, ಗಾಳಿಗೆ ಮರ. ಗೆದ್ದಲು ಕಲ್ಲಿನ ಮೇಲೂ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತುತ್ತದೆ, ಆದರೆ ಆ ದಾರಿ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಬಹುದು. ಭಾನುವಾರದ ಆ ಕೆಲಸ ನನ್ನದು.

ಬೆಟ್ಟದ ಕಡೆಗೆ ಹಲಗೆಯಿಲ್ಲ. ಗ್ಲಿರಿಸಿಡಿಯ ಕೊಂಬೆಗಳನ್ನು ಮಳೆಯ ಹದ ನೋಡಿ ಊರಿದೆವು, ಚಿಗುರಿವೆ. ಕರಡಿ ಬಂದರೇನು ಗತಿ ಎಂದು ಮಗ ಕೇಳಿದ. ಕರಡಿಯನ್ನು ತಡೆಯುವ ಬೇಲಿ ನನಗಂತೂ ಗೊತ್ತಿಲ್ಲ.

ಒಂದು ಕಡೆ ಮಾತ್ರ ಬೇಲಿ ಸೊಟ್ಟಗಿದೆ. ಅಲ್ಲಿ ನಮ್ಮಮ್ಮ ಬೇಲಿಗೂಟವೆಂದು ಊರಿದ್ದ ನುಗ್ಗೆಯ ಕೊಂಬೆ ಬೇರುಬಿಟ್ಟು ಮರವಾಗಿದೆ. ಸಾಲು ನೆಟ್ಟಗಿರಲು ಅದನ್ನು ಕಡಿಯಬೇಕೆಂದರು ಕೆಲಸದವರು. ಮೊಮ್ಮಗಳು ತನ್ನ ಚಿತ್ರ ತೆಗೆದು, ರಬ್ಬರಿನಿಂದ ಒಂದು ಗೆರೆ ಅಳಿಸಿ, ಮರದ ಸುತ್ತ ಬಳಸಿ ಬರೆದುಕೊಟ್ಟಳು. ಹಲಗೆಗೆ ಬಿಳಿ ಬಣ್ಣ ಬಳಿದವಳೂ ಅವಳೇ.

ಈಗ ಬದನೆ ಮತ್ತೆ ಹೂ ಬಿಟ್ಟಿದೆ. ಆ ಎರಡು ಎಮ್ಮೆಗಳು ಸಂಜೆ ಬಂದು ಬೇಲಿಯ ಆಚೆ ನಿಂತು ನೋಡಿ ಹೋಗುತ್ತವೆ.