ಬೆವರಿದ ಕುದುರೆಗೆ ಬರೀ ನೀರು ಸಾಲದು

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಜಾತ್ರೆ ಬಂತೆಂದರೆ ಗಾಡಿ ಶರ್ಯತ್ತು. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಒಂದು ಕುದುರೆ-ಒಂದು ಎತ್ತಿನ ಗಾಡಿ. ನಮ್ಮ ಮಮದಾಪುರದ ಕಡೆ ಎತ್ತಿನ ಸಾಲಿನಲ್ಲೇ ಒಂದು ಕುದುರೆ ಕಟ್ಟಿದ ರೈತರಿದ್ದಾರೆ. ದಣಿದು ಬಂದ ಎರಡಕ್ಕೂ ಒಂದೇ ಬಕೀಟು, ಒಂದೇ ಉಪಚಾರ ಮಾಡುವುದು ರೂಢಿ. ನೊಗ ಒಂದೇ ಆದರೂ ಎರಡರ ಬೆವರು ಬೇರೆ. ಇದು ತಿಳಿಯದಿದ್ದರೆ ದುಡ್ಡು ಕೊಟ್ಟು ತಂದ ಕುದುರೆ ಕೈತಪ್ಪಬಹುದು.

ಕುದುರೆಯ ಬೆವರಿನಲ್ಲಿ ಏನಿದೆ?

ಒಂದು ಲೀಟರ್ ಬೆವರಿನಲ್ಲಿ ಸುಮಾರು 10 ಗ್ರಾಂ ಲವಣ ಹೋಗುತ್ತದೆ. ಹೆಚ್ಚಿನದು ನಮ್ಮ ಅಡಿಗೆ ಉಪ್ಪೇ. ಜೊತೆಗೆ ಪೊಟ್ಯಾಶಿಯಂ, ಸ್ವಲ್ಪ ಸುಣ್ಣದಂಶ. ಬಿಸಿಲಲ್ಲಿ ಓಡುವ ದೊಡ್ಡ ಕುದುರೆ ತಾಸಿಗೆ 10 ಲೀಟರಿನಷ್ಟು ಬೆವರಬಲ್ಲದು. ಅಂದರೆ 100 ಗ್ರಾಂ ಲವಣ ಖಾಲಿ.

ನಮಗೆ ಬೆವರಿದರೆ ನೀರು ಹೆಚ್ಚು, ಉಪ್ಪು ಕಡಿಮೆ ಹೋಗುತ್ತದೆ. ರಕ್ತ ಉಪ್ಪಾಗುತ್ತದೆ, ಬಾಯಾರಿಕೆ ಆಗುತ್ತದೆ. ಕುದುರೆಗೆ ನೀರು-ಉಪ್ಪು ಎರಡೂ ಒಟ್ಟಿಗೇ ಹೋಗುವುದರಿಂದ ರಕ್ತ ಉಪ್ಪಾಗುವುದಿಲ್ಲ. ಮೈ ಒಣಗಿದ್ದರೂ ಅದಕ್ಕೆ ಬಾಯಾರಿಕೆಯೇ ತಿಳಿಯದು. "ನೀರು ಮುಂದಿಟ್ಟರೂ ಕುಡಿಯಲಿಲ್ಲ, ಅದಕ್ಕೆ ಬೇಕಾಗಿಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ಅಪಾಯ ಇರುವುದು ಇಲ್ಲೇ.

ಉಪ್ಪುನೀರು ಮೊದಲು, ಸಾದಾ ನೀರು ಆಮೇಲೆ

ವಿದೇಶಗಳಲ್ಲಿ ಒಂದೇ ದಿನಕ್ಕೆ 160 ಕಿ.ಮೀ. ಓಡಿಸುವ ಸ್ಪರ್ಧೆಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಇದು ನಡೆದುಬಂದಿದೆ. ಇಂಥ ಕುದುರೆಗಳಿಗಾಗಿ ಅಲ್ಲಿನ ಸಂಶೋಧಕರು ಪರೀಕ್ಷೆ ಮಾಡಿ ನೋಡಿದರು: ಓಟ ಮುಗಿದ ಕೂಡಲೇ ಮೊದಲು ಉಪ್ಪುನೀರು ಕುಡಿದ ಕುದುರೆಗಳು ಆಮೇಲೆ ಸಾದಾ ನೀರನ್ನೂ ಚೆನ್ನಾಗಿ ಕುಡಿದವು. ಬರೀ ಸಾದಾ ನೀರು ಕುಡಿದವು ಬೇಗ ನಿಲ್ಲಿಸಿಬಿಟ್ಟವು.

ನಾವೂ ಹೀಗೆ ಮಾಡಬಹುದು. 10 ಲೀಟರ್ ನೀರಿಗೆ 90 ಗ್ರಾಂ ಉಪ್ಪು ಕರಗಿಸಿ. ಇದು ಮೊದಲ ಬಕೀಟು. ಕೆಲವು ನಿಮಿಷ ಬಿಟ್ಟು ಸಾದಾ ನೀರು ಬೇಕಾದಷ್ಟು. ತೀರಾ ತಣ್ಣೀರು ಬೇಡ, ನೆರಳಲ್ಲಿಟ್ಟ ನೀರು ಸಾಕು. ಚೂರು ಬೆಲ್ಲ ಹಾಕಿದರೆ ರುಚಿಗೆ ಕುಡಿಯುತ್ತದೆ. ಜಾತ್ರೆಯ ದಿನವೇ ಶುರುಮಾಡಿದರೆ ಮೂಸಿ ಬಿಡುತ್ತದೆ. ಮನೆಯಲ್ಲೇ ರೂಢಿ ಮಾಡಿಸಿ.

ದಿನವೂ ಹಿಂಡಿ-ನುಚ್ಚಿನಲ್ಲಿ 25 ಗ್ರಾಂ, ಅಂದರೆ ಒಂದೂವರೆ ದೊಡ್ಡ ಚಮಚ ಉಪ್ಪು ಇರಲಿ. ಪೊಟ್ಯಾಶಿಯಂ ಹಸಿ ಮೇವಿನಲ್ಲೇ ಬೇಕಾದಷ್ಟಿದೆ. ಗೊಬ್ಬರದಂಗಡಿಯ ಪೊಟ್ಯಾಶ್ ಕೂಡ ಪೊಟ್ಯಾಶಿಯಂ ಕ್ಲೋರೈಡೇ ಅಲ್ಲವೇ ಎಂದು ಅದನ್ನು ತಿನ್ನಿಸಬೇಡಿ. ಅದು ಹೊಲಕ್ಕೆ ಮಾಡಿದ್ದು, ಶುದ್ಧವಲ್ಲ.

ಇವನ್ನು ಮಾಡಬೇಡಿ

* ನೀರಿಲ್ಲದೆ ಉಪ್ಪು ಕೊಡಬೇಡಿ. ಹೊಟ್ಟೆಗೆ ಹೋದ ಉಪ್ಪು ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ.
* ಗೊಟ್ಟದಿಂದ ಸುರಿಯಬೇಡಿ. ಪುಪ್ಪುಸಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.
* ಕುದುರೆಗೆ ಅಡಿಗೆ ಸೋಡಾ ಬೇಡ. ಬೆವರಿನಲ್ಲಿ ಕ್ಲೋರೈಡ್ ಹೋಗಿ ರಕ್ತ ಮೊದಲೇ ಕ್ಷಾರವಾಗಿರುತ್ತದೆ. ಸೋಡಾ ಅದನ್ನು ಹೆಚ್ಚಿಸುತ್ತದೆ.
* ಮನುಷ್ಯರ ಓಆರ್‌ಎಸ್ ಪೊಟ್ಟಣ ಭೇದಿಗೆ ಮಾಡಿದ್ದು. ಲೀಟರಿಗೆ 2.6 ಗ್ರಾಂ ಉಪ್ಪು ಮಾತ್ರ. ಕುದುರೆಗೆ ಏನೂ ಸಾಲದು.
* "ಬೆವರಿದ ಕುದುರೆಗೆ ನೀರು ಕೊಡಬಾರದು" ಎನ್ನುವ ಮಾತು ಬಿಡಿ. ಕುಡಿಸಿ, ಮೈಮೇಲೂ ನೀರು ಸುರಿಯಿರಿ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸಮಯದಲ್ಲಿ ಕುದುರೆಗಳನ್ನು ತಂಪು ಮಾಡಿದ್ದೇ ತಣ್ಣೀರಿನಿಂದ.

ಎತ್ತಿನ ಲೆಕ್ಕ ಬೇರೆ

ಎತ್ತು ಕುದುರೆಯಷ್ಟು ಬೆವರುವುದಿಲ್ಲ. ತೇಕುತ್ತದೆ, ಜೊಲ್ಲು ಸುರಿಸುತ್ತದೆ. ಜೊಲ್ಲಿನಲ್ಲಿ ಹೋಗುವುದು ಸೋಡಾದ ಅಂಶ. ಅದರ ಬೆವರಿನಲ್ಲಿ ಪೊಟ್ಯಾಶಿಯಂ ಹೆಚ್ಚು. ಹೀಗಾಗಿ ಕುದುರೆಗೆ ಬೇಡವಾದ ಸೋಡಾ, ಬಿಸಿಲಲ್ಲಿ ತೇಕುವ ಎತ್ತಿಗೆ ಉಪಯೋಗಕ್ಕೆ ಬರಬಹುದು. ಎಷ್ಟು ಎಂಬುದನ್ನು ದನದ ದವಾಖಾನೆಯಲ್ಲಿ ಕೇಳಿ. ಕಬ್ಬಿನ ಗಾಡಿ ಎಳೆಯುವ ಎತ್ತಿಗೆ ದಿನವೂ ಉಪ್ಪು, ಖನಿಜ ಮಿಶ್ರಣ, ಹಸಿ ಮೇವು, ದಾರಿಯಲ್ಲಿ ನೀರು ಇಷ್ಟಿದ್ದರೆ ಬಹುಪಾಲು ಕೆಲಸ ಮುಗಿಯಿತು.

ಯಾವಾಗ ಬೇಕು?

ಶರ್ಯತ್ತಿನ ಓಟ ಕೆಲವೇ ನಿಮಿಷದ್ದು. ಅಷ್ಟರಲ್ಲಿ ಹೋಗುವ ಉಪ್ಪು ಕಡಿಮೆ. ನಿಜವಾದ ನಷ್ಟ ಟೆಂಪೋದಲ್ಲಿ ನಿಂತು ಬರುವಾಗ, ಬೆಳಗಿನಿಂದ ಬಿಸಿಲಲ್ಲಿ ಕಟ್ಟಿಹಾಕಿದಾಗ. ನೆರಳು ಮೊದಲು, ಉಪ್ಪು ಆಮೇಲೆ. ಗಾಡಿ ಎಳೆಯುವ ಪ್ರಾಣಿಗಳ 1965ರ ಕೇಂದ್ರ ನಿಯಮದ ಪ್ರಕಾರ, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡುವಂತಿಲ್ಲ.

ದವಡೆಯ ಕೆಳಗೆ ಬೆರಳಿಟ್ಟರೆ ಕುದುರೆಯ ನಾಡಿ ಸಿಗುತ್ತದೆ. 15 ಸೆಕೆಂಡು ಎಣಿಸಿ. ಅರ್ಧ ತಾಸು ವಿಶ್ರಾಂತಿಯಾದರೂ 16ಕ್ಕಿಂತ ಹೆಚ್ಚು ಬಡಿಯುತ್ತಿದ್ದರೆ ಅದನ್ನು ಮತ್ತೆ ಹೂಡಬೇಡಿ. ಒಸಡು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಎದೆಬಡಿತದ ತಾಳಕ್ಕೆ ಪಕ್ಕೆ ಅದುರುತ್ತಿದ್ದರೆ, ಉಚ್ಚೆ ಚಹಾದ ಬಣ್ಣಕ್ಕಿದ್ದರೆ, ಹಿಂಗಾಲು ಬಿಗಿದು ನಡೆಯದಿದ್ದರೆ ನಿಂತಲ್ಲೇ ನೆರಳು ಮಾಡಿ, ಡಾಕ್ಟರನ್ನು ಅಲ್ಲಿಗೇ ಕರೆಸಿ. ಆಗ ಮನೆಮದ್ದು ಬೇಡ.

ಬೇರೆ ಊರಿನ ಕುದುರೆಗಾರರು ಏನು ಮಾಡುತ್ತೀರಿ? ನಿಮ್ಮ ಅನುಭವ ಬರೆದು ತಿಳಿಸಿ.